ಹೇಳುವವರ ಕುರ್ಚಿ

ಆ ಮೇಜಿಗೆ ಎರಡು ಕುರ್ಚಿ. ಒಂದು ಟೈಪ್ ಮಾಡುವವರದು, ಇನ್ನೊಂದು ಹೇಳುವವರದು.

ಕಲಿಯಲು ಬಂದವರು ಒಬ್ಬೊಬ್ಬರೇ ಕೂತು ಕೋಡ್ ಬರೆಯಬಾರದು, ಜೋಡಿಯಾಗಿಯೇ ಕೂರಬೇಕು ಎನ್ನುವುದು ಆ ಕಚೇರಿಯ ಕಟ್ಟಳೆ. ಒಬ್ಬರು ಯೋಚಿಸಿ ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಅದನ್ನು ಕೀಲಿಮಣೆಗೆ ಇಳಿಸಬೇಕು. ಆಗಾಗ ಎದ್ದು ಕುರ್ಚಿ ಬದಲಾಯಿಸಿಕೊಳ್ಳಬೇಕು. ಈ ಕೊನೆಯ ಮಾತನ್ನು ಅವರಿಬ್ಬರೂ ಶುರುವಿನಲ್ಲೇ ಗಾಳಿಗೆ ತೂರಿದ್ದರು. ಹೇಳುವವರ ಕುರ್ಚಿಯಲ್ಲಿ ಯಾವಾಗಲೂ ಅವಳೇ. ಟೈಪ್ ಮಾಡುವವರ ಕುರ್ಚಿಯಲ್ಲಿ ಯಾವಾಗಲೂ ಗುಮ್ಮ.

ಗುಮ್ಮ ಅವಳ ಜೊತೆಗೇ ಸೇರಿದವನು, ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ, ಅದನ್ನೂ ಅರ್ಧ ನುಂಗಿ. ಅದಕ್ಕೇ ಆ ಹೆಸರು. ಅವಳಿಗೆ ಬಿದ್ದ ಹೆಸರು ರೇಡಿಯೋ. ಬೆಳಿಗ್ಗೆ ಇಬ್ಬರೂ ಬಂದು ಕೂತರೆ ಸಾಕು, ಹಿಂದಿನ ಮೇಜಿನಿಂದ ಯಾರಾದರೂ “ರೇಡಿಯೋ ಆನ್ ಆಯ್ತಪ್ಪಾ, ಇನ್ನು ಸಾಯಂಕಾಲದವರೆಗೆ ಬ್ಯಾಟರಿ ಇಳಿಯಲ್ಲ” ಅನ್ನುತ್ತಿದ್ದರು. ಅವಳು ತಿರುಗಿ ನಗುತ್ತಿದ್ದಳು. ಗುಮ್ಮ ಪರದೆ ನೋಡಿಕೊಂಡೇ ನಗುತ್ತಿದ್ದ.

ಅವರ ಓದು ಎರಡು ಕಾಲಿನ ಓದು. ವಾರದ ಮೊದಲ ದಿನಗಳು ಕಚೇರಿಯಲ್ಲಿ, ಕೊನೆಯ ಎರಡು ದಿನ ವಿಶ್ವವಿದ್ಯಾಲಯದಲ್ಲಿ. ಮೊಬೈಲ್ ಆ್ಯಪ್ ಕಟ್ಟುವುದನ್ನು ತರಗತಿಯಲ್ಲಿ ಕಲಿತು ಕಚೇರಿಯಲ್ಲಿ ಮಾಡಬೇಕು. ಕಚೇರಿಯಲ್ಲಿ ಮಾಡಿದ್ದನ್ನು ತಂದು ತರಗತಿಯಲ್ಲಿ ಒಪ್ಪಿಸಬೇಕು. ಒಂದು ಕಾಲು ಮುರಿದರೆ ಇನ್ನೊಂದರ ಮೇಲೆ ನಿಲ್ಲುವ ಹಾಗಿಲ್ಲ. ಕಚೇರಿ ಕೈಬಿಟ್ಟರೆ ವಿಶ್ವವಿದ್ಯಾಲಯದ ಸೀಟೂ ಅದರ ಹಿಂದೆಯೇ ಹೋಯಿತು. ಇದು ಗೊತ್ತಿದ್ದೇ ಅವಳು ಔಷಧಿ ಅಂಗಡಿಯ ಕೌಂಟರ್ ಬಿಟ್ಟು ಬಂದಿದ್ದಳು. ಬರುವಾಗ ಅಂಗಡಿಯ ಯಜಮಾನ, “ಈ ವಯಸ್ಸಲ್ಲಿ ಬ್ಯಾಗು ಹಾಕ್ಕೊಂಡು ಕಾಲೇಜಿಗೆ ಹೋಗ್ತೀಯಾ? ಹೋಗು, ಹೋಗು. ವಾಪಸ್ ಬಂದ್ರೆ ನಿನ್ನ ಸ್ಟೂಲು ಇಲ್ಲೇ ಇರುತ್ತೆ” ಎಂದಿದ್ದ. ಆ ಸ್ಟೂಲು ಅವಳ ಕನಸಿನಲ್ಲೂ ಬರುತ್ತಿತ್ತು.

ಅವರು ಕೆಲಸ ಮಾಡುತ್ತಿದ್ದುದು ಮಾತ್ರೆ ನೆನಪಿಸುವ ಆ್ಯಪಿನ ಮೇಲೆ. ಹೊತ್ತಿಗೆ ಸರಿಯಾಗಿ ಫೋನು ಗಂಟೆ ಹೊಡೆಯುತ್ತದೆ. ಮಾತ್ರೆ ನುಂಗಿದವರು ‘ತಗೊಂಡೆ’ ಎಂಬ ಗುಂಡಿ ಒತ್ತಬೇಕು. ಒತ್ತಿದರೆ ಹಸಿರು ಗುರುತು ಬೀಳುತ್ತದೆ. ಅದೇ ಹಸಿರು ದೂರದಲ್ಲಿರುವ ಮಗನದೋ ಮಗಳದೋ ಫೋನಿನಲ್ಲೂ ಕಾಣುತ್ತದೆ. ಗುಂಡಿ ಒತ್ತದೆ ಸಂದೇಶವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿಬಿಟ್ಟರೆ ಫೋನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದುಕೊಳ್ಳುತ್ತದೆ. ಆಗಲೂ ಒತ್ತದಿದ್ದರೆ ಮಕ್ಕಳ ಫೋನಿನಲ್ಲಿ ಕೆಂಪು. ವ್ಯವಸ್ಥೆ ಅಷ್ಟೇ.

ಅವಳ ಮನೆಯಲ್ಲೂ ಒಬ್ಬ ಗಿರಾಕಿ ಇದ್ದ. ಅಪ್ಪ. ರಕ್ತದೊತ್ತಡದ ಮಾತ್ರೆ ನುಂಗುವವನು. ಅವನ ಫೋನಿಗೆ ಆ್ಯಪ್ ಹಾಕಿಕೊಟ್ಟವಳು ಅವಳೇ.

“ಏ ತಾಯಿ, ಈ ಫೋನಿಗೆ ನನ್ನ ಮೇಲೆ ನಿಮ್ಮಮ್ಮನಿಗಿದ್ದದ್ದಕ್ಕಿಂತ ಜಾಸ್ತಿ ಅನುಮಾನ ಕಣೇ” ಎಂದು ಅಪ್ಪ ಒಂದು ಬೆಳಿಗ್ಗೆ ಗೊಣಗಿದ. “ನುಂಗಿ ನೀರು ಕುಡಿದು ಆಗಿರುತ್ತೆ, ಅದನ್ನ ಆಚೆ ತಳ್ಳಿದ್ರೂ ಮತ್ತೆ ಬಂದು ಅರಚುತ್ತೆ. ಅವಳಾದ್ರೂ ಒಂದು ಸಲ ಹೇಳಿದ್ರೆ ನಂಬ್ತಿದ್ದಳು.”

“ಗುಂಡಿ ಒತ್ತಬೇಕು ಅಪ್ಪಾ, ತಳ್ಳೋದಲ್ಲ.”

“ಕನ್ನಡಕ ಹುಡುಕಿ ಗುಂಡಿ ಹುಡುಕೋ ಹೊತ್ತಿಗೆ ನಾಳೆ ಮಾತ್ರೆ ಟೈಮಾಗಿರುತ್ತೆ.”

ಅವಳು ನಗುತ್ತಲೇ ಕಚೇರಿಗೆ ಹೋದಳು. ಆದರೆ ಮಾತು ತಲೆಯಲ್ಲಿ ಕೂತಿತ್ತು. ಬಳಸುವವರ ದೂರುಗಳೂ ಅದೇ ರಾಗ ಹಾಡುತ್ತಿದ್ದವು: ಕಿರಿಕಿರಿ, ಕಿರಿಕಿರಿ. ಅವತ್ತು ಅವರಿಗೆ ಕೊಟ್ಟಿದ್ದ ಕೆಲಸ ಬರೀ ಬಣ್ಣ ತಿದ್ದುವುದು. ಅದು ಮುಗಿಯುತ್ತಿದ್ದ ಹಾಗೆ ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

“ಗುಮ್ಮಾ, ಇದೊಂದು ಸೇರಿಸಿಬಿಡು. ಪಕ್ಕಕ್ಕೆ ಸರಿಸಿದ್ರೂ ‘ತಗೊಂಡೆ’ ಅಂತಾನೇ ಲೆಕ್ಕ. ಅಷ್ಟೇ. ಒಂದೇ ಸಾಲು.”

ಗುಮ್ಮನ ಬೆರಳುಗಳು ಕೀಲಿಗಳ ಮೇಲೆ ನಿಂತವು. ಅವನು ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ನೋಡಿದ. ಹಾಗೆ ನೋಡುವುದು ಅಪರೂಪ.

“ಅಕ್ಕಾ, ಇದು ಸರೀನಾ?”

“ಕೌಂಟರಲ್ಲಿ ಇಷ್ಟು ವರ್ಷ ನಿಂತವಳು ನಾನು. ಮಾತ್ರೆ ನುಂಗೋರ ಬುದ್ಧಿ ನಂಗೊತ್ತಿಲ್ವಾ? ನುಂಗಿ ಆದಮೇಲೇ ಅವರು ತಳ್ಳೋದು. ಹೊಡಿ, ಹೊಡಿ.”

ಅವನು ಇನ್ನೊಂದು ಮಾತು ಆಡಲಿಕ್ಕಿದ್ದ. ಬಾಯಿ ತುಸು ತೆರೆದದ್ದನ್ನು ಅವಳು ಕಂಡಿದ್ದಳು. ಆದರೆ ಗುಮ್ಮ ಬಾಯಿ ತೆರೆದು ಮಾತು ಹೊರಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವಳು ಆ ಹೊತ್ತನ್ನು ಕೊಡಲಿಲ್ಲ. ಅವನು ಟೈಪ್ ಮಾಡಿದ. ಮಾಡಿದ ಬದಲಾವಣೆಗೆ ಒಂದು ಸಾಲಿನ ವಿವರಣೆ ಬೇಕಿತ್ತು. “‘ಬಣ್ಣ ಮತ್ತು ಸಣ್ಣಪುಟ್ಟ’ ಅಂತ ಹಾಕು” ಎಂದಳು. ಅದನ್ನೂ ಹಾಕಿದ. ಅವರ ಮೇಲಿನವರಾದ ಮೇಡಂ ಬಣ್ಣ ನೋಡಿ, ಚೆನ್ನಾಗಿದೆ ಎಂದು ಒಪ್ಪಿಗೆ ಕೊಟ್ಟರು. ಕಂಪ್ಯೂಟರು ಗುಮ್ಮನ ಲಾಗಿನ್ನಿನಲ್ಲಿತ್ತು. ಯಾವ ಸಾಲು ಯಾರು ಬರೆದದ್ದು ಎಂದು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಹೇಳಿದವರು ಯಾರು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ದೂರುಗಳು ನಿಂತವು. ಅಷ್ಟೇ ಅಲ್ಲ, ಹಸಿರು ಗುರುತುಗಳು ಹೆಚ್ಚಾದವು. ಜನ ಮೊದಲಿಗಿಂತ ಚೆನ್ನಾಗಿ ಮಾತ್ರೆ ನುಂಗುತ್ತಿದ್ದಾರೆ ಎಂದು ಗ್ರಾಫು ಹೇಳಿತು. ಅವಳು ಆ ಗ್ರಾಫನ್ನು ವಿಶ್ವವಿದ್ಯಾಲಯದಲ್ಲಿ ಒಪ್ಪಿಸುವ ಪಾಠಕ್ಕೆಂದು ತೆಗೆದಿಟ್ಟುಕೊಂಡಳು.

ಒಪ್ಪಿಸುವುದಕ್ಕೆ ಹಿಂದಿನ ಸಂಜೆ, ಅಪ್ಪನ ಹಾಸಿಗೆಯ ಹೊದಿಕೆ ಬದಲಾಯಿಸುವಾಗ ದಿಂಬಿನ ಕೆಳಗಿನಿಂದ ಮಾತ್ರೆಯ ಸ್ಟ್ರಿಪ್ಪುಗಳು ಜಾರಿ ಬಿದ್ದವು. ಒಂದೂ ಒಡೆದಿರಲಿಲ್ಲ. ಹೊಸ ಸ್ಟ್ರಿಪ್ಪಿನ ಬೆನ್ನು ಎಷ್ಟು ನುಣುಪಾಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ತನ್ನ ಫೋನು ತೆಗೆದು ನೋಡಿದಳು. ಅಪ್ಪನ ಹೆಸರಿನ ಕೆಳಗೆ ಸಾಲಾಗಿ ಹಸಿರು.

“ಅಪ್ಪಾ, ಏನಿದು?”

ಅಪ್ಪ ಬಾಗಿಲಲ್ಲಿ ನಿಂತು ಕಿವಿ ಕೆರೆದುಕೊಂಡ. “ಅದು ನುಂಗಿದ್ರೆ ತಲೆ ಗಿರ್ ಅನ್ನುತ್ತೆ ಕಣೇ. ಸ್ವಲ್ಪ ದಿನ ಬಿಟ್ಟು ನೋಡೋಣ ಅಂತ…”

“ಮತ್ತೆ ನಂಗೆ ದಿನಾ ತಗೊಂಡೆ ಅಂತ ಬರ್ತಿದೆ?”

“ನಾನೆಲ್ಲಿ ಹೇಳಿದೆ? ಅರಚಿದಾಗ ತಳ್ತಿದ್ದೆ. ಸುಮ್ಮನಾಗ್ತಿತ್ತು. ಮೊದಲಿನ ಹಾಗೆ ಮತ್ತೆ ಬರ್ತಿರಲಿಲ್ಲ. ಈ ಫೋನಿಗೆ ಈಗ ಒಳ್ಳೆ ಬುದ್ಧಿ ಬಂದಿದೆ ಅಂದ್ಕೊಂಡೆ.”

ಅಪ್ಪನನ್ನು ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅಪ್ಪ ಒಬ್ಬನೇ ಅಲ್ಲ. ಆ ಏರಿದ ಗ್ರಾಫಿನಲ್ಲಿ ಎಷ್ಟು ಜನ ಅಪ್ಪಂದಿರಿದ್ದಾರೋ, ಎಷ್ಟು ದಿಂಬುಗಳೋ.

“ಏನಾಯ್ತೇ? ಬೈದುಬಿಡು. ನೀನು ಸುಮ್ಮನಿದ್ರೆ ನಂಗೆ ಭಯ” ಎಂದ ಅಪ್ಪ.

“ಏನಿಲ್ಲ. ಈಗ ನುಂಗು. ನಾಳೆ ಡಾಕ್ಟ್ರ ಹತ್ರ ಕೇಳು” ಎಂದು ನೀರು ತಂದುಕೊಟ್ಟಳು.

ಮೇಡಂಗೆ ಅದೇ ಗಳಿಗೆ ಹೇಳಬಹುದಿತ್ತು. ಅವಳು ಫೋನಿನಲ್ಲಿ ಬರೆದಳು: ‘ಮೇಡಂ, ಒಂದು ತಪ್ಪಾಗಿದೆ.’ ಅದನ್ನೇ ನೋಡುತ್ತ ಕೂತಳು. ತಪ್ಪಾಗಿದೆ ಎಂದರೆ ಯಾರಿಂದ ಎಂದು ಕೇಳುತ್ತಾರೆ. ಯಾರನ್ನು ಕೇಳಿ ಮಾಡಿದಿರಿ ಎಂದು ಕೇಳುತ್ತಾರೆ. ಬಣ್ಣದ ಕೆಲಸದೊಳಗೆ ಅದನ್ನು ಯಾಕೆ ತುರುಕಿದಿರಿ ಎಂದು ಕೇಳುತ್ತಾರೆ. ನಾಳೆ, ನಾಳಿದ್ದು ವಿಶ್ವವಿದ್ಯಾಲಯದ ದಿನಗಳು. ಕಚೇರಿಯ ವಿಷಯ ಕಚೇರಿಯ ದಿನ ಮಾತಾಡಿದರಾಯಿತು. ಹೀಗೆ ಯೋಚಿಸಿದ ಕೂಡಲೇ ಎದೆ ಎಷ್ಟು ಹಗುರವಾಯಿತೆಂದರೆ, ಅದು ಸರಿಯಾದ ಯೋಚನೆಯೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಬರೆದದ್ದನ್ನು ಅಳಿಸಿದಳು.

ಮರುದಿನ ತರಗತಿಯಲ್ಲಿ ಅವಳ ಸರದಿ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಂಚುಗಳು, ಕೆಳಗೆ ಪರದೆ, ಪಕ್ಕದಲ್ಲಿ ಕೈಕಟ್ಟಿ ನಿಂತ ಮೇಷ್ಟ್ರು. ಪಾಠದ ವಿಷಯ, ಬಳಸುವವರ ಮಾತಿಗೆ ಕಿವಿಗೊಡುವುದು. ಪುಟ ಬದಲಾಯಿಸುವ ಕೆಲಸ ಗುಮ್ಮನದು. ಅವಳು ಕೌಂಟರಿನ ಕಥೆ ಹೇಳಿ ನಗಿಸಿದಳು. ಕಿರಿಕಿರಿಯ ದೂರುಗಳನ್ನು ತೋರಿಸಿದಳು. ಆಮೇಲೆ ಗುಮ್ಮ ಗುಂಡಿ ಒತ್ತಿದ. ಪರದೆಯ ಮೇಲೆ ಆ ಗ್ರಾಫು ಎದ್ದು ನಿಂತಿತು.

ಅದು ಏನೆಂದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತಾನಾಗಿ ಮಾತಾಡಿತು. “ಇಲ್ಲಿಂದ ನೋಡಿ, ಹೇಗೆ ಏರಿದೆ.”

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು, “ನೋಡ್ರಪ್ಪಾ, ಅನುಭವ ಅಂದ್ರೆ ಇದು. ಪುಸ್ತಕದಲ್ಲಿ ಸಿಗಲ್ಲ” ಎಂದರು. ಅವಳು ತಲೆ ಬಾಗಿಸಿದಳು. ವಿನಯ ಎಂದುಕೊಂಡಿರಬೇಕು ಎಲ್ಲರೂ.

ಕ್ಯಾಂಟೀನಿನಲ್ಲಿ ಗುಮ್ಮ ತನ್ನ ತಟ್ಟೆಯಲ್ಲಿದ್ದ ಬ್ರೆಡ್ಡಿನ ಅರ್ಧ ಮುರಿದು ಅವಳ ಕಡೆ ಸರಿಸಿದ. “ಚೆನ್ನಾಗಿ ಮಾತಾಡಿದ್ರಿ ಅಕ್ಕಾ.” ಅಷ್ಟು ಹೇಳುವುದಕ್ಕೇ ಅವನ ಕಿವಿ ಕೆಂಪಾಗಿತ್ತು. “ನಂಗೆ ಅವತ್ತು ಸುಮ್ನೆ ಹೆದರಿಕೆ ಆಗಿತ್ತು. ಆ ಸಾಲು ಬರೆಯೋವಾಗ. ಈಗ ಸಮಾಧಾನ ಆಯ್ತು.”

ಅವಳು ನೀರು ಕುಡಿದಳು. ಹೇಳುವುದಿದ್ದರೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಎದುರಿಗೆ ಒಬ್ಬನೇ, ಅದೂ ಗುಮ್ಮ. ಅವನು ಬೈಯುವವನಲ್ಲ, ಸಾರುವವನಲ್ಲ. ಅವಳು ಮಾತು ತಿರುಗಿಸಿ ಬಸ್ಸಿನ ವಿಷಯ ತೆಗೆದಳು. ಬಸ್ಸಿನ ಬಗ್ಗೆ ಬಹಳ ಹೊತ್ತು ಮಾತಾಡಿದಳು. ರೇಡಿಯೋದ ಒಂದು ಸೌಕರ್ಯ ಅದು. ಸದ್ದು ನಿಲ್ಲದಿದ್ದರೆ ಒಳಗಿನ ಮೌನ ಯಾರಿಗೂ ಕೇಳಿಸುವುದಿಲ್ಲ.

ಮುಂದಿನ ಕಚೇರಿಯ ದಿನ ಅವಳು ಬೇಗ ಹೋದಳು. ದಾರಿಯುದ್ದಕ್ಕೂ ಮಾತನ್ನು ಒಳಗೇ ಜೋಡಿಸಿಕೊಂಡಿದ್ದಳು. ಆದರೆ ಹೋಗುವಷ್ಟರಲ್ಲಿ ಎಲ್ಲರೂ ಮೇಡಂನ ಗಾಜಿನ ಕೋಣೆಯಲ್ಲಿ ನಿಂತಿದ್ದರು. ಮೇಜಿನ ಮೇಲಿನ ಫೋನಿನಿಂದ ಒಬ್ಬ ಹೆಂಗಸಿನ ದನಿ ಬರುತ್ತಿತ್ತು. ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನು ದಿನಾ ಹಸಿರು ನೋಡ್ಕೊಂಡೇ ಮಲಗ್ತಿದ್ದೆ” ಎನ್ನುತ್ತಿತ್ತು ಆ ದನಿ. “ಅಮ್ಮ ಮಾತ್ರೆ ಮುಟ್ಟೇ ಇರಲಿಲ್ಲ. ಫೋನು ಅರಚಿದ್ರೆ ಸುಮ್ಮನೆ ಸರಿಸ್ತಿದ್ದಳಂತೆ. ಮೊನ್ನೆ ಮಧ್ಯಾಹ್ನ ಅಡುಗೆ ಮನೇಲಿ ತಲೆ ಸುತ್ತಿ ಬಿದ್ದಳು. ಸೊಂಟದ ಮೂಳೆ ಹೋಗಿದೆ. ಇನ್ನು ಮೊದಲಿನ ಹಾಗೆ ನಡೀತಾಳೋ ಇಲ್ವೋ ಹೇಳಕ್ಕಾಗಲ್ಲ ಅಂದಿದ್ದಾರೆ. ನಂಗೆ ಒಂದೇ ಪ್ರಶ್ನೆ. ಹಸಿರು ಯಾಕೆ ಬಂತು?”

ಮೊನ್ನೆ ಮಧ್ಯಾಹ್ನ. ಚಪ್ಪಾಳೆಯಾದ ಮರುದಿನ. ಅವಳು ಗಾಜಿನ ಗೋಡೆಗೆ ಬೆನ್ನು ಆನಿಸಿ ನಿಂತಳು. ಆ ಸಂಜೆಯೇ ಮೇಡಂಗೆ ಒಂದು ಮಾತು ಹೋಗಿದ್ದರೆ ಅವತ್ತೇ ಆ ಸಾಲು ಕಿತ್ತು ಹಾಕುತ್ತಿದ್ದರು. ಬೆಳಗಾಗುವುದರೊಳಗೆ ಆ ಮಗಳ ಫೋನಿನಲ್ಲಿ ಕೆಂಪು ಬೀಳುತ್ತಿತ್ತು.

ಮೇಡಂ ಫೋನಿನ ಮುಂದೆ ಕೈಮುಗಿಯುವುದೊಂದು ಬಾಕಿ. ಅಷ್ಟು ಕ್ಷಮೆ ಕೇಳಿ ಫೋನಿಟ್ಟರು. ಆಮೇಲೆ ಗೋಡೆಯ ದೊಡ್ಡ ಪರದೆಯಲ್ಲಿ ಆ ಸಾಲು ತೆರೆದರು. ಸಾಲಿನ ಪಕ್ಕದಲ್ಲಿ ಬರೆದವರ ಹೆಸರು. ಗುಮ್ಮನದು. ಕೆಳಗೆ ವಿವರಣೆ: ಬಣ್ಣ ಮತ್ತು ಸಣ್ಣಪುಟ್ಟ.

“ಸಣ್ಣಪುಟ್ಟ!” ಎಂದರು ಮೇಡಂ. “ಇದು ಸಣ್ಣದಾ? ಯಾರು ಹೇಳಿದ್ದು ಇದನ್ನ ಮಾಡಿ ಅಂತ?”

ಗುಮ್ಮ ಪರದೆಯ ಮೇಲಿನ ತನ್ನ ಹೆಸರು ನೋಡುತ್ತಿದ್ದ. ಆಮೇಲೆ ಒಮ್ಮೆ, ಒಂದೇ ಒಮ್ಮೆ, ಅವಳ ಕಡೆ ತಿರುಗಿದ. ಆ ನೋಟದಲ್ಲಿ ದೂರು ಇರಲಿಲ್ಲ. ಇನ್ನೇನು ಅಕ್ಕ ಮಾತಾಡುತ್ತಾಳೆ, ಯಾವಾಗಲೂ ಮಾತಾಡುವವಳು ಅವಳೇ ತಾನೇ ಎಂಬ ನಂಬಿಕೆ ಇತ್ತು. ಸರದಿಯಲ್ಲಿ ನಿಂತವನು ಮುಂದಿನವರು ಹೆಜ್ಜೆ ಇಡಲಿ ಎಂದು ಕಾಯುವ ಹಾಗೆ ಕಾದ.

ಅವಳ ಕಣ್ಣಮುಂದೆ ಅಂಗಡಿಯ ಸ್ಟೂಲು ಬಂತು.

“ಏನಪ್ಪಾ, ನಿನ್ನೇ ಕೇಳ್ತಿರೋದು” ಎಂದರು ಮೇಡಂ.

“ನಾನೇ ಟೈಪ್ ಮಾಡಿದ್ದು ಮೇಡಂ” ಎಂದ ಗುಮ್ಮ.

ಅದು ಸುಳ್ಳಲ್ಲ. ಅದಕ್ಕಿಂತ ನಿಜವಾದ ಮಾತು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ. ಅವಳು ತನ್ನ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದಳು. ಗಾಜಿನ ಕೋಣೆಗೆ ಎಲ್ಲ ಕಡೆಯಿಂದಲೂ ಬೆಳಕು.

ಗುಮ್ಮನನ್ನು ಮನೆಗೆ ಕಳಿಸಿದರು. ಮೇಲಿನವರು ತೀರ್ಮಾನಿಸುವವರೆಗೆ ಬರುವುದು ಬೇಡ ಎಂದರು. ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿದ್ದದ್ದೇ. ಅವನು ಬ್ಯಾಗು ಹೆಗಲಿಗೇರಿಸಿಕೊಂಡು, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, “ಬರ್ತೀನಿ ಅಕ್ಕಾ” ಎಂದ. ಅವಳು ತಲೆ ಆಡಿಸಿದಳು.

ಆ ದಿನದಿಂದ ಅವಳೊಬ್ಬಳೇ ಆ ಮೇಜಿನಲ್ಲಿ ಕೂತಳು. ಹಿಂದಿನ ಮೇಜಿನವರು, “ರೇಡಿಯೋ ಕೆಟ್ಟೋಯ್ತಾ?” ಎಂದು ಒಂದೆರಡು ಸಲ ರೇಗಿಸಿ, ಅವಳ ಮುಖ ನೋಡಿ ಬಿಟ್ಟರು. ಪಾಪ, ಜೋಡಿ ಹೋಯಿತಲ್ಲ ಎಂಬ ಬೇಸರ ಎಂದು ತಿಳಿದರು. ಒಬ್ಬರು ಕಾಫಿ ತಂದು ಮೇಜಿನ ಮೇಲಿಟ್ಟರು. ಆ ಕನಿಕರ ಅವಳ ಮೈಮೇಲೆ ಕೆಂಡದ ಹಾಗೆ ಬಿತ್ತು. ತರಗತಿಯಲ್ಲಿ ಗುಮ್ಮನ ಜಾಗ ಖಾಲಿ. ಮನೆಯಲ್ಲಿ ಅಪ್ಪ ಏನಾದರೂ ಕೇಳಿದರೆ, “ಊಂ.” ಅಷ್ಟೇ.

“ನಿನ್ನ ಬಾಯಿಗೆ ಬೀಗ ಹಾಕಿದ್ದು ಯಾರೇ? ಅವನಿಗೊಂದು ಹಾರ ಹಾಕಬೇಕು” ಎಂದು ಅಪ್ಪ ಒಂದು ಸಲ ನಕ್ಕ. ಅವಳು ನಗದ್ದನ್ನು ಕಂಡು ಅವನೂ ಸುಮ್ಮನಾದ.

ಆಮೇಲೆ ಮೂವರು ಕೂರುವ ದಿನ ಬಂತು. ಆ ಓದಿನಲ್ಲಿ ಪ್ರತಿ ಅವಧಿಗೊಮ್ಮೆ ಹೀಗೊಂದು ಕೂಟ ಇರುತ್ತದೆ: ಕಲಿಯುವವರು, ವಿಶ್ವವಿದ್ಯಾಲಯದ ಮೇಷ್ಟ್ರು, ಕಚೇರಿಯ ಮೇಡಂ. ಎರಡೂ ಕಾಲು ಸಮನಾಗಿ ನಡೆಯುತ್ತಿವೆಯೇ ಎಂದು ನೋಡುವುದಕ್ಕೆ. ಅದೇ ಗಾಜಿನ ಕೋಣೆ. ಮೇಷ್ಟ್ರು ಆ ಗ್ರಾಫಿನ ಪಾಠವನ್ನು ಇನ್ನೂ ಮರೆತಿರಲಿಲ್ಲ.

“ಆ ಕೆಟ್ಟ ಸಾಲಿನ ವಿಷಯ ಆಮೇಲೆ ಗೊತ್ತಾಯ್ತು ಬಿಡಿ” ಎಂದರು. “ಜೊತೆಗಾರ ಹಾಗೆ ಮಾಡಿದ್ರೆ ಇವರೇನು ಮಾಡ್ತಾರೆ? ಇವರ ಮಾತುಗಾರಿಕೆಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೀನಿ.”

ಮೇಡಂ ಹೂಂ ಅಂದರು. “ಅವನನ್ನ ತೆಗೆದು ಹಾಕೋ ಕಾಗದ ನಾಳೆ ಹೋಗುತ್ತೆ. ಒಳ್ಳೆ ಹುಡುಗನೇ. ಆದರೆ ಬಾಯೇ ಬಿಡಲ್ಲ. ಯಾಕೆ ಮಾಡಿದೆ ಅಂತ ಎಷ್ಟು ಸಲ ಕೇಳಿದೆ, ಟೈಪ್ ಮಾಡಿದ್ದು ನಾನು ಅಂತಾನೇ ಒಂದೇ ಪಾಠ. ಅವನ ತಲೆಗೆ ಇದು ಹೇಗೆ ಹೊಳೀತು ಅನ್ನೋದೇ ನಂಗೆ ಬಗೆಹರಿದಿಲ್ಲ.”

“ಅವನಿಗೆ ಹೊಳೀಲಿಲ್ಲ” ಎಂದಳು ಅವಳು.

ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ. ಇಬ್ಬರೂ ತಿರುಗಿದರು.

“ನಾನು ಹೇಳಿದ್ದು. ಅವನು ಸರೀನಾ ಅಂತ ಕೇಳಿದ. ಹೊಡಿ ಅಂದೆ. ಸಣ್ಣಪುಟ್ಟ ಅಂತ ಹಾಕ್ಸಿದ್ದೂ ನಾನೇ. ನಾವು ಯಾವತ್ತೂ ಕುರ್ಚಿ ಬದಲಾಯಿಸಿಲ್ಲ ಮೇಡಂ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ಅವತ್ತು ಇಲ್ಲೇ ನಿಂತಿದ್ದೆಯಲ್ಲಮ್ಮಾ” ಎಂದರು ಮೇಡಂ.

“ಹೌದು ಮೇಡಂ.”

“ಅವನು ನಿನ್ನ ಕಡೆ ನೋಡಿದ್ದನ್ನ ನಾನೂ ನೋಡಿದೆ. ನೋಡಿಯೂ ಕೇಳಲಿಲ್ಲ. ಬಣ್ಣ ಮಾತ್ರ ನೋಡಿ ಒಪ್ಪಿಗೆ ಕೊಟ್ಟವಳಲ್ಲವಾ ನಾನು? ಹೆಚ್ಚು ಕೆದಕೋದು ನಂಗೂ ಬೇಡವಾಗಿತ್ತು.” ಅವರ ಮುಖವೂ ಕೆಂಪಾಗಿತ್ತು. “ಆಯ್ತು. ಮೇಲಿನವರ ಹತ್ರ ನಾನು ಮಾತಾಡ್ತೀನಿ. ಇಬ್ಬರಲ್ಲಿ ಯಾರ ಕಾಗದ ಹೋಗುತ್ತೋ ಗೊತ್ತಿಲ್ಲ.”

ಕಡೆಗೆ ಯಾರ ಕಾಗದವೂ ಹೋಗಲಿಲ್ಲ. ಅವಳಿಗೆ ಕಟ್ಟುನಿಟ್ಟಿನ ಎಚ್ಚರಿಕೆ. ಆ ಪಾಠದ ಅಂಕ ರದ್ದು. ಗುಮ್ಮನನ್ನು ವಾಪಸ್ ಕರೆಸುವುದೆಂದು ಆಯಿತು. ಸುದ್ದಿ ತಿಳಿದ ಸಂಜೆ ಅವಳು ಮನೆಗೆ ನಡೆದೇ ಬಂದಳು. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಸಿದಿತ್ತು. ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದಳು. ಗ್ರಾಫು, ಗಾಜಿನ ಕೋಣೆ, ಬಿದ್ದ ಅಮ್ಮ, ಗುಮ್ಮ, ಮೇಡಂ. ಮಾತು ಕಟ್ಟೆ ಒಡೆದ ಹಾಗೆ ಬಂತು.

ಅಪ್ಪ ಊಟದ ತಟ್ಟೆಯಲ್ಲಿ ಕೈ ಒಣಗಿಸಿಕೊಂಡು ಕೇಳಿದ. ನಡುವೆ ಒಂದೂ ತಮಾಷೆ ಮಾಡಲಿಲ್ಲ.

“ಕಡೆಗೂ ಹೇಳಿಬಿಟ್ಟೆ ಅಪ್ಪಾ” ಎಂದು ಅವಳು ನಿಟ್ಟುಸಿರು ಬಿಟ್ಟಳು. “ತಪ್ಪು ಮಾಡಿದವಳು ನಾನು ಅಂತ ಒಪ್ಕೊಂಡೆ.”

“ಒಳ್ಳೇದಾಯ್ತು” ಎಂದ ಅಪ್ಪ. ಆಮೇಲೆ ಮೆಲ್ಲಗೆ ಕೇಳಿದ. “ಆ ತಾಯಿ ಬಿದ್ದದ್ದು, ನೀನು ನನ್ನ ದಿಂಬಿನ ಕೆಳಗೆ ಮಾತ್ರೆ ನೋಡಿದ ಮೇಲಾ, ಮೊದಲಾ?”

ಅವಳು ಲೋಟಕ್ಕೆ ನೀರು ಬಗ್ಗಿಸಿದಳು.

“ಅವತ್ತು ನೀನು ನನ್ನ ಬೈಯಲಿಲ್ಲ” ಎಂದ ಅಪ್ಪ. “ನಾನು ಮಾಡಿದ್ದಕ್ಕೆ ಎರಡು ದಿನ ಬೈಸಿಕೊಳ್ಳಬೇಕಿತ್ತು. ಸುಮ್ಮನೆ ನೀರು ತಂದುಕೊಟ್ಟೆ. ಆಗಲೇ ಅಂದ್ಕೊಂಡೆ, ಇದರಲ್ಲಿ ಏನೋ ಇದೆ ಅಂತ. ನಾನೂ ಕೇಳಲಿಲ್ಲ. ನಂಗೆ ನನ್ನ ಕಳ್ಳತನ ಮುಚ್ಚಿಕೊಂಡ್ರೆ ಸಾಕಾಗಿತ್ತು.” ಅವನು ಎದ್ದು ತಟ್ಟೆ ತೆಗೆದುಕೊಂಡು ಒಳಗೆ ಹೋದ. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಒಂದು ತಟ್ಟೆ ತೊಳೆಯಲು ಅಷ್ಟು ನೀರು ಬೇಕಾಗಿರಲಿಲ್ಲ.

ಅವಳು ಅಲ್ಲೇ ಕೂತಿದ್ದಳು. ಇಳಿದಿದ್ದ ಎದೆಯ ಭಾರ ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂತಿತ್ತು. ಗಾಜಿನ ಕೋಣೆಯಲ್ಲಿ ಅವಳು ಹೇಳಿದ್ದೆಲ್ಲ ನಿಜ. ಆದರೆ ಹೇಳಲು ಸುಲಭವಾದದ್ದನ್ನು ಆರಿಸಿ ಹೇಳಿದ್ದಳು. ತಿಳಿಯದೆ ಮಾಡಿದ ತಪ್ಪನ್ನು ಒಪ್ಪಿಕೊಂಡು, ತಿಳಿದು ಸುಮ್ಮನಿದ್ದದ್ದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು.

ಗುಮ್ಮ ಬಂದ ದಿನ ಮೇಡಂ ಕುರ್ಚಿಗಳ ಬೆನ್ನಿಗೆ ಕೈ ಇಟ್ಟು ತಾವೇ ನಿಂತರು. “ಇವತ್ತಿಂದ ಟೈಪ್ ಮಾಡೋದು ರೇಡಿಯೋ. ಹೇಳೋದು ಗುಮ್ಮ. ನಾನು ಹೇಳೋವರೆಗೂ ಬದಲಾಗಲ್ಲ” ಎಂದು ತಮ್ಮ ಕೋಣೆಗೆ ಹೋದರು.

ಅವಳು ಕೀಲಿಮಣೆಯ ಮುಂದೆ ಕೂತಳು. ಗುಮ್ಮ ಹೇಳುವವರ ಕುರ್ಚಿಯ ಅಂಚಿನಲ್ಲಿ, ಯಾರೋ ಎಬ್ಬಿಸುತ್ತಾರೆ ಎನ್ನುವವನ ಹಾಗೆ ಕೂತ. ಸ್ವಲ್ಪ ಸೊರಗಿದ್ದ. ಪರದೆಯ ಮೇಲೆ ಹೊಸ ಕಡತ ತೆರೆದಿತ್ತು. ಗೆರೆಯೊಂದು ಮಿನುಗುತ್ತ ಮೊದಲ ಅಕ್ಷರಕ್ಕೆ ಕಾಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ಅವಳು ಕಾದಳು. ಅವನ ಮಾತು ಹೊರಬರಲು ಎಷ್ಟು ಹೊತ್ತು ಬೇಕು ಎಂದು ಅವಳು ಮೊದಲ ಸಲ ಕಾದು ನೋಡಿದಳು. ಅಷ್ಟೇನೂ ಹೆಚ್ಚಿರಲಿಲ್ಲ.

“ಥ್ಯಾಂಕ್ಸ್ ಅಕ್ಕಾ” ಎಂದ ಗುಮ್ಮ. “ನೀವು ಹೇಳದೇ ಇದ್ದಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ. ಮನೇಲಿ ಅಮ್ಮನಿಗೂ ಹೇಳಿದೆ. ನಿಮ್ಮನ್ನ ಒಂದು ಸಲ ನೋಡಬೇಕಂತೆ.”

ಅವಳ ಕೈ ಕೀಲಿಗಳ ಮೇಲಿಂದ ಜಾರಿ ಮಡಿಲಿಗೆ ಬಿತ್ತು. ಬೈಗುಳಕ್ಕೆ ಅವಳು ಸಿದ್ಧಳಾಗಿ ಬಂದಿದ್ದಳು, ಮುನಿಸಿಗೂ. ಈ ಮಾತಿಗೆ ಏನೂ ತಯಾರಿ ಇರಲಿಲ್ಲ.

“ಗುಮ್ಮಾ, ನಂಗೆ ಮೊದಲೇ ಗೊತ್ತಿತ್ತು.”

“ಏನು?”

“ಹಸಿರು ಸುಳ್ಳು ಅಂತ. ನಮ್ಮಪ್ಪನ ಮಾತ್ರೆ ಎಲ್ಲಾ ಹಾಗೇ ಇದ್ದವು. ಆ ಗ್ರಾಫು ತೋರಿಸೋ ಹಿಂದಿನ ದಿನಾನೇ ನೋಡಿದ್ದೆ. ನೀನು ಪುಟ ತಿರುಗಿಸ್ತಿದ್ದಾಗ ಗೊತ್ತಿತ್ತು. ಕ್ಯಾಂಟೀನಲ್ಲಿ ಬ್ರೆಡ್ಡು ಕೊಟ್ಟೆಯಲ್ಲ, ಆಗಲೂ. ಆ ತಾಯಿ ಇನ್ನೂ ಬಿದ್ದಿರಲಿಲ್ಲ.”

ಅವಳು ಪರದೆಯನ್ನೇ ನೋಡುತ್ತ ಹೇಳಿದಳು. ಇಷ್ಟು ದಿನ ಅವನು ನೋಡುತ್ತಿದ್ದ ಹಾಗೆ. ಪಕ್ಕದ ಕುರ್ಚಿಯಿಂದ ಸದ್ದಿಲ್ಲ. ಹಿಂದಿನ ಮೇಜಿನಲ್ಲಿ ಯಾರೋ ಸೀನಿದರು, ಇನ್ಯಾರೋ ಅದಕ್ಕೊಂದು ತಮಾಷೆ ಮಾಡಿದರು. ಗೆರೆ ಮಿನುಗುತ್ತಲೇ ಇತ್ತು. ಈ ಮೌನವನ್ನು ತುಂಬಲು ಅವಳ ಬಳಿ ಬೇಕಾದಷ್ಟು ಮಾತಿತ್ತು. ಹೆದರಿದ್ದೆ, ಸ್ಟೂಲು ಕಣ್ಣಮುಂದೆ ಬಂತು, ನಾಳೆ ಹೇಳೋಣ ಅಂತಿದ್ದೆ. ಒಂದನ್ನೂ ಆಡಲಿಲ್ಲ. ತುಂಬಬಾರದು ಎಂದು ಹಲ್ಲು ಕಚ್ಚಿ ಕೂತಳು.

“ಮೇಡಂಗೆ ಗೊತ್ತಾ?” ಎಂದ ಗುಮ್ಮ ಕೊನೆಗೆ. ದನಿಯಲ್ಲಿ ‘ಅಕ್ಕಾ’ ಇರಲಿಲ್ಲ.

“ಇಲ್ಲ.”

“ಆ ಅಮ್ಮನ ಮಗಳಿಗೆ?”

“ಇಲ್ಲ.”

ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಪೂರ್ತಿ ಕೂತ. ಅದು ಈಗ ಅವನದೇ ಕುರ್ಚಿಯಾಗಿತ್ತು.

“ಹೋಗಿ ಹೇಳಿ” ಎಂದ.

ಅವಳು ಅವನ ಮುಖ ನೋಡಿದಳು. ಕೋಪವಿದ್ದಿದ್ದರೆ ಅದನ್ನಾದರೂ ಹಿಡಿದುಕೊಳ್ಳಬಹುದಿತ್ತು. ಅವನು ಗಾಜಿನ ಕೋಣೆಯ ಕಡೆ ನೋಡುತ್ತಿದ್ದ. ಅಲ್ಲಿ ಮೇಡಂ ಫೋನಿನಲ್ಲಿ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದರು.

“ಈಗಲೇನಾ?” ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಕಿವಿಯವರೆಗೂ ಮುಖ ಸುಟ್ಟಿತು.

ಅವಳು ಎದ್ದಳು. ಕುರ್ಚಿಯನ್ನು ಮೇಜಿನೊಳಗೆ ಸರಿಸಿದಳು. ಮೇಜುಗಳ ನಡುವಿನ ದಾರಿ ಚಿಕ್ಕದು, ನಡೆಯುವಾಗ ಹಿಂದಿನಿಂದ ಯಾರೋ, “ಏನು ರೇಡಿಯೋ, ಮೊದಲನೇ ದಿನಾನೇ ಗುಮ್ಮ ಓಡಿಸಿಬಿಟ್ಟನಾ?” ಎಂದು ಕೂಗಿದರು. ಅವಳು ತಿರುಗಲಿಲ್ಲ. ಗಾಜಿನ ಬಾಗಿಲಲ್ಲಿ ತಮ್ಮ ಮೇಜಿನ ಪ್ರತಿಬಿಂಬ ಕಾಣುತ್ತಿತ್ತು. ಹೇಳುವವರ ಕುರ್ಚಿಯಲ್ಲಿ ಗುಮ್ಮ ಕೂತೇ ಇದ್ದ. ಕೀಲಿಮಣೆ ಹತ್ತಿರದಲ್ಲೇ ಇದ್ದರೂ ಮುಟ್ಟಿರಲಿಲ್ಲ.

ಅವಳು ಬಾಗಿಲು ತಟ್ಟಿದಳು. ಮೇಡಂ ಫೋನು ಕಿವಿಯಿಂದ ಇಳಿಸಿ, ಒಳಗೆ ಬಾ ಎಂದು ಕೈ ಮಾಡಿದರು.